ಕಂಡವರೇಕೆ ನುಡಿಯುವುದಿಲ್ಲ?

ನಮ್ಮ ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ವಿಷಯವಾಗಿ ಏನಾದರೂ ಬರೆಯುವೆನೆಂದು ಅವರು ಎಣಿಸಿರಬಹುದು. ಸೊಲ್ಲಾಪುರ ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ 34 ವರ್ಷ ದುಡಿದವನಿಂದ ಅದನ್ನು ನಿರೀಕ್ಷಿಸುವುದು ಸಹಜವೇ. ಆದರೆ ಎಪ್ಪತ್ತೈದನ್ನು ದಾಟಿದ ಮೇಲೆ, ತಾನು ಬಲ್ಲ ವಿಷಯಕ್ಕಿಂತ ತನ್ನನ್ನು ಬಿಡದೆ ಕಾಡುವ ವಿಷಯವೇ ಮನುಷ್ಯನಿಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಅಂಥ ಒಂದು ಪ್ರಶ್ನೆಯನ್ನು ಈ ಸಲ ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ವೃತ್ತಪತ್ರಿಕೆಗಳಲ್ಲಿ ಆಗಾಗ ಒಂದು ಸಾಲು ಕಣ್ಣಿಗೆ ಬೀಳುತ್ತದೆ: ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳ ಖುಲಾಸೆ. ಸುದ್ದಿಯನ್ನು ಪೂರ್ತಿ ಓದಿದರೆ ಕೃತ್ಯ ನಡೆದದ್ದು ಸಂತೆಯ ದಿನ, ಬಸ್ ನಿಲ್ದಾಣದ ಎದುರಿಗೆ, ಹಾಡುಹಗಲಿನಲ್ಲಿ ಎಂದಿರುತ್ತದೆ. ಹೊಡೆದವರು ಏಳೆಂಟು ಮಂದಿ. ನೋಡಿದವರು ನೂರಾರು ಮಂದಿ. ಹಾಗಾದರೆ ಕೊರತೆಯಾದದ್ದು ಯಾವುದು? ಕಣ್ಣುಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಕಂಡದ್ದನ್ನು ಹೇಳುವ ಬಾಯಿಗೆ ಕೊರತೆಯಾಯಿತು. ಗುಂಪು ಕಟ್ಟಿಕೊಂಡು ಹಫ್ತಾ ವಸೂಲು ಮಾಡುವವರ, ಸುಲಿಗೆ ಮಾಡುವವರ, ಕೊಲೆಗೂ ಹೇಸದವರ ವಿರುದ್ಧ ನಡೆಯುವ ತನಿಖೆಗಳು ಮುಗ್ಗರಿಸುವುದು ಬಹುಮಟ್ಟಿಗೆ ಇಲ್ಲಿಯೇ. ಕಂಡವರು ಏಕೆ ನುಡಿಯುವುದಿಲ್ಲ? ನುಡಿಯದಿದ್ದರೆ ಅದು ತಪ್ಪೇ? ತಪ್ಪಾದರೆ ಯಾರ ತಪ್ಪು?

'ಸಾಕ್ಷಿ' ಎಂಬ ಶಬ್ದವನ್ನೇ ಮೊದಲು ನೋಡೋಣ. ಸಾಕ್ಷಾತ್ತಾಗಿ, ಎಂದರೆ ತನ್ನ ಕಣ್ಣಿನಿಂದ ತಾನೇ ನೋಡಿದವನು ಸಾಕ್ಷಿ ಎಂದು ಪಾಣಿನಿಯ ವ್ಯಾಕರಣ ಆ ಶಬ್ದವನ್ನು ಸಾಧಿಸಿ ತೋರಿಸುತ್ತದೆ. ಅಲ್ಲಿ ನೋಡುವುದಷ್ಟೇ ಇದೆ, ನುಡಿಯುವುದಿಲ್ಲ. ಆದರೆ ಧರ್ಮಶಾಸ್ತ್ರಕಾರರು ಅಷ್ಟಕ್ಕೆ ಬಿಡಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಕ್ಷಿಗಳಿಗಾಗಿಯೇ ಒಂದು ಪ್ರಕರಣವಿದೆ. ತಿಳಿದಿದ್ದೂ ಸಾಕ್ಷ್ಯ ನುಡಿಯದವನು ಸುಳ್ಳುಸಾಕ್ಷಿ ಹೇಳುವವನಿಗೆ ಸಮಾನನು, ಪಾಪದಲ್ಲಿಯೂ ದಂಡನೆಯಲ್ಲಿಯೂ ಇಬ್ಬರೂ ಒಂದೇ ಎಂಬುದು ಆ ಸ್ಮೃತಿಯ ನಿರ್ಣಯ. ಈ ಸ್ಮೃತಿಗೆ ವಿಜ್ಞಾನೇಶ್ವರನು 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದದ್ದು ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ನಮ್ಮ ಅಕ್ಕಲಕೋಟೆಗೆ ದೂರದ ಊರಲ್ಲ. ಸಾಕ್ಷಿಧರ್ಮದ ವಿಚಾರ ನಮ್ಮ ನೆಲಕ್ಕೆ ಹೊಸದಲ್ಲವೆಂದು ಹೇಳುವುದಕ್ಕಾಗಿ ಇದನ್ನು ನೆನೆದೆ.

ಅದೇ ಪ್ರಕರಣದಲ್ಲಿ ಇನ್ನೊಂದು ಮಾತೂ ಇದೆ. ಸತ್ಯವನ್ನು ನುಡಿದರೆ ಒಬ್ಬನ ಪ್ರಾಣವೇ ಹೋಗುವಂತಿದ್ದಲ್ಲಿ ಸಾಕ್ಷಿಯು ಅಸತ್ಯ ನುಡಿಯಬಹುದು ಎಂದು ಸ್ಮೃತಿ ವಿನಾಯಿತಿ ಕೊಡುತ್ತದೆ. ಆದರೆ ಅಂಥವನು ಆ ಬಳಿಕ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದೂ ವಿಧಿಸುತ್ತದೆ. ಈ ವಿಧಿಯನ್ನು ಓದಿದಾಗಲೆಲ್ಲ ನಾನು ಯೋಚನೆಗೆ ಬೀಳುತ್ತೇನೆ. ಅನುಮತಿ ಇದ್ದ ಮೇಲೆ ಪ್ರಾಯಶ್ಚಿತ್ತವೇಕೆ? ಕ್ಷಮೆಗೆ ಅರ್ಹವಾದ ತಪ್ಪು ಕೂಡ ತಪ್ಪೇ, ಅದರ ಋಣ ಉಳಿದೇ ಇರುತ್ತದೆ ಎಂಬುದು ಅದರ ಆಶಯವೆಂದು ನನಗೆ ತೋರುತ್ತದೆ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಇಬ್ಬರ ನಡುವಿನ ಜಗಳಕ್ಕೆ ಸಾಕ್ಷಿ ಹೇಳುವುದು ಒಂದು ಬಗೆ; ಒಂದು ಗುಂಪಿನ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಟೋಳಿಯ, ಕೃತ್ಯಕ್ಕೆ ಸಾಕ್ಷಿ ಹೇಳುವುದೇ ಇನ್ನೊಂದು ಬಗೆ. ಹೊಲದ ಬದುವಿಗಾಗಿ ಹೊಡೆದಾಡಿದವನನ್ನು ಪೊಲೀಸರು ಹಿಡಿದರೆ ಭಯದ ಮೂಲವೂ ಅವನ ಸಂಗಡ ಒಳಗೆ ಹೋಯಿತು. ಟೋಳಿಯಲ್ಲಿ ನಾಲ್ವರು ಒಳಗಿದ್ದರೆ ಹತ್ತು ಮಂದಿ ಹೊರಗಿರುತ್ತಾರೆ. ಅವರು ಸಾಕ್ಷಿಯ ಮನೆಗೆ ಬಂದು ಬೆದರಿಸಲೇಬೇಕೆಂದಿಲ್ಲ. ಅವನ ಮಗಳು ಶಾಲೆಯಿಂದ ಬರುವ ದಾರಿಯಲ್ಲಿ ಸುಮ್ಮನೆ ಮೋಟಾರು ಸೈಕಲ್ ನಿಲ್ಲಿಸಿಕೊಂಡು ನಿಂತರೆ ಸಾಕು. ಯಾವ ಕಾನೂನಿನ ಪ್ರಕಾರ ಅದು ಅಪರಾಧ? ಆದರೆ ಹೇಳಬೇಕಾದುದನ್ನು ಅವರು ಹೇಳಿಯಾಯಿತು.

ಇದರ ಮೇಲೆ ಟೋಳಿ ಹೊರಗಿನಿಂದ ಬಂದುದಲ್ಲ. ಅದರಲ್ಲಿರುವವರು ನಮ್ಮ ಓಣಿಯ ಹುಡುಗರೇ. ಹಬ್ಬದ ಮಂಡಳಿಗೆ ವಂತಿಗೆ ಕೊಡುವವರು, ಸತ್ತವರ ಮನೆಗೆ ಮೊದಲು ಓಡಿಬರುವವರು, ಆಸ್ಪತ್ರೆಗೆ ಗಾಡಿ ಮಾಡಿಕೊಡುವವರು. ಅವರಿಂದ ಉಪಕಾರ ಪಡೆದವನಿಗೆ ನಾಲಗೆ ಏಳುವುದಿಲ್ಲ. ಪಡೆಯದವನಿಗೂ, ನಾಳೆ ಇದೇ ಓಣಿಯಲ್ಲಿ ಬದುಕಬೇಕಲ್ಲ ಎಂಬ ಚಿಂತೆ. ಮೇಲಾಗಿ ಟೋಳಿಯೊಳಗಿನ ಸಂಗತಿಗಳನ್ನು ಹತ್ತಿರದಿಂದ ಬಲ್ಲವರು ಸಾಮಾನ್ಯವಾಗಿ ಪೂರ್ಣ ನಿರ್ದೋಷಿಗಳಾಗಿರುವುದಿಲ್ಲ. ಸಾಕ್ಷಿ ಹೇಳಲು ಹೋದರೆ ತಮ್ಮ ಕೊಳೆಯೂ ಹೊರಗೆ ಬಂದೀತೆಂಬ ಅಂಜಿಕೆ ಅವರಿಗೆ.

ನಮ್ಮಂಥ ಗಡಿನಾಡಿನವರಿಗೆ ಇನ್ನೂ ಒಂದು ತೊಡಕಿದೆ. ಕನ್ನಡವನ್ನಷ್ಟೇ ಬಲ್ಲ ಮುದುಕಿಯೊಬ್ಬಳು ಕಂಡದ್ದನ್ನು ಕನ್ನಡದಲ್ಲಿ ಹೇಳುತ್ತಾಳೆ. ಠಾಣೆಯಲ್ಲಿ ಅದನ್ನು ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯಬಾರದೆಂದು ಕಾನೂನೇ ಹೇಳುತ್ತದೆ. ಆದ್ದರಿಂದ ತನ್ನ ಹೆಸರಿನಲ್ಲಿ ಏನು ಬರೆದಿದೆಯೆಂಬುದು ಅವಳಿಗೆ ತಿಳಿಯುವುದು, ವರ್ಷಗಳ ನಂತರ ಕಟಕಟೆಯಲ್ಲಿ ನಿಂತಾಗ ಎದುರು ಪಕ್ಷದ ವಕೀಲರು ಎತ್ತಿ ಕೇಳಿದಾಗಲೇ. "ಅಂದು ಕೊಡಲಿ ಎಂದಿದ್ದೆ, ಇಂದು ಕುಡುಗೋಲು ಎನ್ನುತ್ತೀಯಲ್ಲ" ಎಂದರೆ ಅವಳೇನು ಹೇಳಬೇಕು? ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನು ಸಾಧ್ಯವಾದರೆ ಅವನ ಭಾಷೆಯಲ್ಲಿಯೇ ಬರೆದುಕೊಳ್ಳಬೇಕು, ಇಲ್ಲವಾದರೆ ಸರಿಯಾದ ಅನುವಾದ ಮಾಡಬೇಕು, ಬರೆದದ್ದು ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ಕಾನೂನಿನಲ್ಲಿ ವಿಧಿಯಿದೆ. ಆದರೆ ಅದನ್ನು ಕೇಳಿ ಪಡೆಯಬೇಕೆಂದು ಹಳ್ಳಿಯ ಮುದುಕಿಗೆ ಹೇಳಿಕೊಡುವವರು ಯಾರು?

ಇನ್ನು ಕಾಲಯಾಪನೆ. ತಾರೀಖಿನ ಮೇಲೆ ತಾರೀಖು. ಒಂದು ದಿನದ ಕೂಲಿ ಬಿಟ್ಟು ಬಂದವನು ಹೊರಗಿನ ಜಗಲಿಯ ಮೇಲೆ, ಆರೋಪಿಯ ಕಡೆಯವರ ಪಕ್ಕದಲ್ಲಿಯೇ ಕುಳಿತು ಸಂಜೆ ಹಿಂದಿರುಗುತ್ತಾನೆ. ನ್ಯಾಯಮೂರ್ತಿ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ಕೊಟ್ಟ ವರದಿಯಲ್ಲಿ ಈ ದುರವಸ್ಥೆಯ ಚರ್ಚೆಯಿದೆ. ಸಾಕ್ಷಿಯನ್ನು ಗೌರವದ ಅತಿಥಿಯಂತೆ ಕಾಣಬೇಕು, ಕುಳಿತುಕೊಳ್ಳಲು ಸ್ಥಳ ಕೊಡಬೇಕು, ಅವನ ಭತ್ತೆಯನ್ನು ಅಂದೇ ಸಲ್ಲಿಸಬೇಕು, ಅವನ ರಕ್ಷಣೆಗೆ ಕಾನೂನಾಗಬೇಕು ಎಂಬ ಆಶಯ ಅದರಲ್ಲಿತ್ತು. ಕುಳಿತುಕೊಳ್ಳಲು ಒಂದು ಕುರ್ಚಿ ಎಂಬಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡ ಸಮಿತಿ ಹೇಳಬೇಕಾಯಿತೆಂದರೆ, ಸಾಕ್ಷಿಯನ್ನು ನಾವು ಎಲ್ಲಿ ನಿಲ್ಲಿಸಿದ್ದೆವೆಂಬುದು ತಿಳಿಯುತ್ತದೆ.

ಇಷ್ಟು ಹೊತ್ತು ದೂರ ನಿಂತು ಮಾತನಾಡಿದೆ. ಇನ್ನು ಹತ್ತಿರದ ಸಂಗತಿ.

1984ರ ಬೇಸಿಗೆ. ನಾನಾಗ ಸಹ ಶಿಕ್ಷಕ, ವಯಸ್ಸು ಮೂವತ್ತೈದು, ಇಬ್ಬರು ಚಿಕ್ಕ ಮಕ್ಕಳು. ನಾನು ಕೆಲಸ ಮಾಡುತ್ತಿದ್ದ ಹಳ್ಳಿಗೆ ಹತ್ತಿರದ ಪೇಟೆಯಲ್ಲಿ ಒಂದು ಸೈಕಲ್ ಅಂಗಡಿ. ಸಂತೆಯ ದಿನ ನನ್ನ ಸೈಕಲ್ಲಿನ ಪಂಕ್ಚರ್ ತೆಗೆಸಲು ಅಲ್ಲಿ ನಿಂತಿದ್ದೆ. ಗಾಲಿ ಬಿಚ್ಚಿ ನೀರಿನ ಬುಟ್ಟಿಯಲ್ಲಿ ಟ್ಯೂಬು ಅದ್ದಿ ನೋಡುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಹದಿನೇಳರ ಹುಡುಗ. ಮನೆಯ ಬಡತನಕ್ಕೆ ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದ. ಅಷ್ಟರಲ್ಲಿ ಐದಾರು ಮಂದಿ ಬಂದರು. ವಾರವಾರ ಅಂಗಡಿಕಾರರಿಂದ ದುಡ್ಡು ಎತ್ತುತ್ತಿದ್ದ ಟೋಳಿ ಅದು. ಎರಡು ವಾರಗಳಿಂದ ಕೊಟ್ಟಿರಲಿಲ್ಲವೆಂದು ಅಂಗಡಿಯ ಮಾಲೀಕನನ್ನು ಹೊರಗೆಳೆದು, ಅಲ್ಲಿಯೇ ಬಿದ್ದಿದ್ದ ಕಬ್ಬಿಣದ ಪಟ್ಟಿಯಿಂದ ಬಡಿದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಹೊಡೆದವರಲ್ಲಿ ಇಬ್ಬರ ಮುಖ ನನಗೆ ಚೆನ್ನಾಗಿ ಗುರುತಿತ್ತು. ಮಾಲೀಕನ ಜೀವ ಉಳಿಯಿತು. ಬಲಗೈ ಕೆಲಸಕ್ಕೆ ಬಾರದಂತಾಯಿತು.

ಪಂಚನಾಮೆಗೆ ಬಂದ ಹವಾಲ್ದಾರರು ನನ್ನನ್ನೂ ಕೇಳಿದರು. "ಗದ್ದಲ ಕೇಳಿ ತಿರುಗಿ ನೋಡುವಷ್ಟರಲ್ಲಿ ಅವರು ಹೋಗಿದ್ದರು" ಎಂದೆ. ಈ ವಾಕ್ಯವನ್ನು ಹೇಳಲು ನಾನು ಕ್ಷಣಮಾತ್ರವೂ ತಡೆಯಲಿಲ್ಲ; ಮೊದಲೇ ಬಾಯಿಪಾಠ ಮಾಡಿಟ್ಟಿದ್ದಂತೆ ಬಂತು. ಹುಡುಗ ಮಾತ್ರ ಕಂಡದ್ದನ್ನು ಕಂಡಂತೆ ಹೇಳಿದ, ಹೆಸರು ಸಹಿತ.

ಪ್ರಕರಣ ವಿಚಾರಣೆಗೆ ಬರಲು ಮೂರು ವರ್ಷ ಹಿಡಿಯಿತು. ಸಾಕ್ಷಿಯ ಹಿಂದಿನ ರಾತ್ರಿ ಆ ಹುಡುಗ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ.

"ಸರ್, ನಾಳೆ ಕೋರ್ಟಿಗೆ ಕರದಾರ್ರಿ. ಏನ ಹೇಳ್ಲಿ?"

ನಾನು ಮಾಸ್ತರನಲ್ಲವೇ? "ಕಂಡದ್ದನ್ನೇ ಹೇಳಪ್ಪ, ಸತ್ಯಕ್ಕೆ ಸಾವಿಲ್ಲ" ಎಂದೆ.

ಅವನು ಸ್ವಲ್ಪ ಹೊತ್ತು ನೆಲ ನೋಡಿ ಕೇಳಿದ: "ನೀವೂ ಅಲ್ಲೇ ನಿಂತಿದ್ರಿ ಅಲ್ರಿ ಸರ್. ನೀವೂ ಬರ್ತೀರೇನ್ರಿ?"

ನಾನು ಉತ್ತರ ಕೊಡಲಿಲ್ಲ. ನನ್ನ ಹೆಂಡತಿ ಚಹಾ ತಂದಳು. ಅವನು ನಿಂತಲ್ಲಿಯೇ ಕುಡಿದು, ಬರ್ತೀನ್ರಿ ಸರ್ ಎಂದು ನಮಸ್ಕಾರ ಮಾಡಿ ಹೋದ.

ಮರುದಿನ ಅವನು ನ್ಯಾಯಾಲಯದಲ್ಲಿ ತನಗೇನೂ ನೆನಪಿಲ್ಲವೆಂದ. ಸರಕಾರಿ ವಕೀಲರು ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಸಾರಿ ಪಾಟೀ ಸವಾಲು ಮಾಡಿದರು. ಆರೋಪಿಗಳು ಬಿಡುಗಡೆಯಾದರು. ಹುಡುಗ ದುಡ್ಡು ತಿಂದ ಎಂದು ಪೇಟೆಯೆಲ್ಲ ಆಡಿಕೊಂಡಿತು. ಕೈ ಕಳೆದುಕೊಂಡ ಮಾಲೀಕನ ಮನೆಯವರು ಅವನ ಮುಖಕ್ಕೇ ಅಂದರು. ಶಿಕ್ಷಕರ ಕೊಠಡಿಯಲ್ಲಿಯೂ ಆ ಮಾತು ಬಂತು; ನಾನು ಅಲ್ಲಗಳೆಯಲಿಲ್ಲ. ಅವನಿಗೆ ಯಾರು ಬೆದರಿಕೆ ಹಾಕಿದ್ದರೋ ನನಗೆ ಗೊತ್ತಿಲ್ಲ. ಆದರೆ ಅವನು ಕೊನೆಯದಾಗಿ ಆಸರೆ ಕೇಳಿದ್ದು ಯಾರನ್ನೆಂದು ಗೊತ್ತಿತ್ತು. ಆರು ತಿಂಗಳಲ್ಲಿ ಅವನು ಕೆಲಸ ಹುಡುಕಿಕೊಂಡು ಭಿವಂಡಿಯ ಕಡೆಗೆ ಹೊರಟುಹೋದ.

ಈಗ ನೈತಿಕ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಇಲ್ಲಿ ಎರಡು ವಾದಗಳಿವೆ. ಮೊದಲನೆಯದು ಯಾಜ್ಞವಲ್ಕ್ಯನದು: ತಿಳಿದೂ ಸುಮ್ಮನಿರುವವನು ಸುಳ್ಳುಸಾಕ್ಷಿಗೆ ಸಮ. ಈ ವಾದದಲ್ಲಿ ಬಲವಿದೆ. ಟೋಳಿಯ ನಿಜವಾದ ಆಯುಧ ಕಬ್ಬಿಣದ ಪಟ್ಟಿಯಲ್ಲ, ನಮ್ಮ ಮೌನ. ಪಟ್ಟಿಯಿಂದ ಒಬ್ಬನ ಕೈ ಮುರಿಯಬಹುದು. ಪೇಟೆಯ ಇನ್ನೂರು ಅಂಗಡಿಗಳಿಂದ ವಾರವಾರ ದುಡ್ಡು ಎತ್ತುವುದು ಉಳಿದವರ ಮೌನದಿಂದಲೇ. ಪ್ರತಿಯೊಂದು ಖುಲಾಸೆಯೂ ಮುಂದಿನ ಕೃತ್ಯಕ್ಕೆ ಬಂಡವಾಳ.

ಎರಡನೆಯ ವಾದ: ಹುತಾತ್ಮನಾಗಬೇಕೆಂದು ಯಾರನ್ನೂ ಬಲವಂತಪಡಿಸಲಾಗದು. ರಕ್ಷಣೆ ಕೊಡಲಾರದ ಸಮಾಜಕ್ಕೆ ಸತ್ಯವನ್ನು ಕೇಳುವ ಅಧಿಕಾರವಿಲ್ಲ. ಹೆಂಡತಿ ಮಕ್ಕಳ ಹೊಣೆ ಹೊತ್ತವನಿಗೆ ಅವರ ಕ್ಷೇಮವೇ ಮೊದಲ ಧರ್ಮ. ಇದರಲ್ಲಿಯೂ ಬಲವಿದೆ, ಮತ್ತು ನಾನು ಮೂರು ವರ್ಷ ಮನಸ್ಸಿನಲ್ಲಿ ಜಪಿಸಿದ್ದು ಇದೇ ವಾದವನ್ನು.

ಯಾವುದು ಸರಿ? ಇದಕ್ಕೆ ಉತ್ತರವನ್ನು ನಾನು ಕಂಡುಕೊಂಡದ್ದು ಶಾಸ್ತ್ರಗಳಲ್ಲಿ ಅಲ್ಲ. ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಪುಣ್ಯಕೋಟಿಯ ಹಾಡನ್ನು ಕಲಿಸುತ್ತಿದ್ದಾಗ. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಹಿಂದಿರುಗಿದ ಹಸುವಿನ ಸತ್ಯನಿಷ್ಠೆಯನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಮಕ್ಕಳಿಗೆ ಅದರ ನೀತಿ ಏನೆಂದು ಕೇಳಿದರೆ ಸತ್ಯವನ್ನು ಬಿಡಬಾರದು ಎನ್ನುತ್ತಾರೆ. ನಾವು ಪೂರ್ಣ ಅಂಕ ಕೊಡುತ್ತೇವೆ. ಆದರೆ ದೊಡ್ಡಿಯಿಂದ ಹೊರಡುವ ಮುಂಚೆ ಪುಣ್ಯಕೋಟಿ ಮಾಡಿದ ಒಂದು ಕೆಲಸದ ಕಡೆಗೆ ನಮ್ಮ ಗಮನ ಹೋಗುವುದಿಲ್ಲ. ಅದು ಉಳಿದ ಹಸುಗಳನ್ನು ತಾಯಿ, ಅಕ್ಕ ಎಂದು ಕರೆದು, ತಬ್ಬಲಿಯಾಗಲಿರುವ ಕರುವನ್ನು ತಮ್ಮದೆಂದೇ ಕಾಣಬೇಕೆಂದು ಕೇಳಿಕೊಳ್ಳುತ್ತದೆ. ಹುಲಿಯ ಎದುರಿಗೆ ಹೋಗುವುದು ಒಬ್ಬಳ ಧರ್ಮವಾದರೆ ಕರುವನ್ನು ಕಾಯುವುದು ದೊಡ್ಡಿಯ ಧರ್ಮ. ಎರಡನೆಯದರ ಆಸರೆಯಿಲ್ಲದೆ ಮೊದಲನೆಯದನ್ನು ನಿರೀಕ್ಷಿಸುವುದು ಸತ್ಯದ ಹೆಸರಿನಲ್ಲಿ ಮಾಡುವ ಕ್ರೌರ್ಯ. ಆ ರಾತ್ರಿ ನಾನು ಹುಡುಗನಿಗೆ ಸತ್ಯ ನುಡಿಯಲು ಹೇಳಿದೆ. ಕರುವಿನ ಮಾತು ಬಂದಾಗ ಬಾಯಿ ಮುಚ್ಚಿದೆ.

ಆದ್ದರಿಂದ ನನ್ನ ನಿಲುವು ಹೀಗೆ: ಸಾಕ್ಷಿ ನುಡಿಯುವುದು ಕರ್ತವ್ಯವೇ, ಆದರೆ ಅದು ಮೊದಲು ಊರಿನ ಕರ್ತವ್ಯ, ಆಮೇಲೆ ವ್ಯಕ್ತಿಯ ಕರ್ತವ್ಯ. ಊರು ತನ್ನ ಪಾಲನ್ನು ಸಲ್ಲಿಸದೆ ವ್ಯಕ್ತಿಯ ಪಾಲನ್ನು ಕೇಳಲಾಗದು.

ಇದಕ್ಕೊಂದು ಆಕ್ಷೇಪಣೆ ಬರುತ್ತದೆ, ಬರಬೇಕಾದದ್ದೇ. ಊರು ಎಂದರೆ ಯಾರು? ಎಲ್ಲರೂ ಊರು ಮೊದಲು ಮುಂದಾಗಲಿ ಎಂದು ಕುಳಿತರೆ ಯಾರೂ ಮುಂದಾಗುವುದಿಲ್ಲ. ಹೇಡಿಗೆ ಇದೊಂದು ಒಳ್ಳೆಯ ನೆಪವಾಗುತ್ತದೆ. ಆಕ್ಷೇಪಣೆ ಸರಿಯಾದುದೇ. ಅದಕ್ಕೆ ನನ್ನ ಉತ್ತರ: ಕರ್ತವ್ಯದ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ, ಹೊರಬಲ್ಲವನ ಮೇಲೆ ಹೆಚ್ಚು ಬೀಳುತ್ತದೆ. ತಿಂಗಳ ಸಂಬಳವಿದ್ದ, ಊರಿನಲ್ಲಿ ಗೌರವವಿದ್ದ, ಹಿಂದೆ ಸಂಸ್ಥೆಯೊಂದರ ಬೆಂಬಲವಿದ್ದ ಮಾಸ್ತರನೂ, ಪಂಕ್ಚರ್ ತೆಗೆಯುವ ಹದಿನೇಳರ ಹುಡುಗನೂ ಒಂದೇ ಕೃತ್ಯವನ್ನು ಕಂಡರು. ಟೋಳಿಯವರು ಮಾಸ್ತರನ ಮೈಮುಟ್ಟಲು ಹತ್ತು ಸಲ ಯೋಚಿಸುತ್ತಿದ್ದರು. ಹುಡುಗನಿಗೆ ಆ ರಕ್ಷೆ ಇರಲಿಲ್ಲ. ನನಗೆ ಭಯವಾದದ್ದು ಸುಳ್ಳಲ್ಲ. ಆದರೆ ನಾನು ಮುಂದೆ ನಿಂತಿದ್ದರೆ ಅವನಿಗೆ ಭಯ ಅರ್ಧವಾಗುತ್ತಿತ್ತು. ಊರು ಎಂದರೆ ಯಾರು ಎಂಬ ಪ್ರಶ್ನೆಗೆ ಅಂದು ಉತ್ತರವಾಗಬೇಕಾದವನು ನಾನೇ ಆಗಿದ್ದೆ.

ಕಾನೂನು ಈ ನಲವತ್ತು ವರ್ಷಗಳಲ್ಲಿ ಸುಮ್ಮನೆ ಕುಳಿತಿಲ್ಲ. ಮುಂಬಯಿಯ ಟೋಳಿಗಳ ಉಪಟಳ ಮಿತಿಮೀರಿದಾಗ ಮಹಾರಾಷ್ಟ್ರ ಸರಕಾರವು 1999ರಲ್ಲಿ ಸಂಘಟಿತ ಅಪರಾಧಗಳ ವಿರುದ್ಧ ನಾವೆಲ್ಲ 'ಮೋಕಾ' ಎಂದು ಕರೆಯುವ ಕಾನೂನನ್ನು ತಂದಿತು. ಸಾಕ್ಷಿಯ ಹೆಸರು ವಿಳಾಸಗಳನ್ನು ಗುಪ್ತವಾಗಿಡಲು, ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲಿ ನಡೆಸಲು ಅದರಲ್ಲಿ ಅವಕಾಶವಿದೆ. ಕರ್ನಾಟಕವೂ 2000ದಲ್ಲಿ ಅದೇ ಮಾದರಿಯ ಕಾನೂನು ಮಾಡಿತು. 2018ರ ಡಿಸೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸಾಕ್ಷಿಗಳ ಸಂರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿ ತೀರ್ಪಿತ್ತಿತು. ಆ ಪೀಠದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ನಮ್ಮ ಕರಾವಳಿಯ ಎಸ್. ಅಬ್ದುಲ್ ನಜೀರ್ ಅವರು. ಆ ಯೋಜನೆಯ ಪ್ರಕಾರ ಬೆದರಿಕೆಯ ಪ್ರಮಾಣವನ್ನು ನೋಡಿ ಸಾಕ್ಷಿಗಳನ್ನು ಮೂರು ವರ್ಗ ಮಾಡುತ್ತಾರೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಟ್ಟರೆ ಪೊಲೀಸರಿಂದ ಬೆದರಿಕೆಯ ವರದಿ ತರಿಸಿಕೊಂಡು ರಕ್ಷಣೆಗೆ ಆಜ್ಞೆ ಮಾಡುತ್ತಾರೆ. ಮನೆಯ ಹತ್ತಿರ ಗಸ್ತು, ನ್ಯಾಯಾಲಯಕ್ಕೆ ಬೆಂಗಾವಲು, ಆರೋಪಿಯ ಕಣ್ಣಿಗೆ ಬೀಳದಂತೆ ಸಾಕ್ಷ್ಯ ನುಡಿಯುವ ಏರ್ಪಾಡು, ತೀರ ಅಗತ್ಯವಾದರೆ ಊರನ್ನೂ ಗುರುತನ್ನೂ ಬದಲಿಸಿಕೊಡುವುದು, ಇವೆಲ್ಲ ಅದರಲ್ಲಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ಸಿದ್ಧಪಡಿಸಬೇಕೆಂದು ವಿಧಿಸಿದೆ. ಅರ್ಜಿ ಕೊಡುವ ಈ ದಾರಿಯನ್ನು ನಮ್ಮವರು ತಿಳಿದಿರಬೇಕೆಂದೇ ಇಷ್ಟು ವಿವರಿಸಿದೆ.

ಇದೆಲ್ಲ ಒಳ್ಳೆಯದೇ. ಆದರೆ ಒಂದು ಸಲಕ್ಕೆ ಮೂರು ತಿಂಗಳಿಗೆ ಮೀರದ ರಕ್ಷಣೆ, ವರ್ಷಗಟ್ಟಲೆ ಎಳೆಯುವ ವಿಚಾರಣೆಗೆ ಎಷ್ಟು ಸಾಕಾದೀತು? ಮಹಾನಗರದ ಬಾಡಿಗೆ ಮನೆಯವನು ಬೇರೆ ಬಡಾವಣೆಗೆ ಹೋಗಬಲ್ಲ. ಮೂರು ಎಕರೆ ಒಣ ಹೊಲವನ್ನು ನಂಬಿದ ರೈತನನ್ನು ಎಲ್ಲಿಗೆ ಕಳುಹಿಸುವುದು? ಹೊಲ ಅವನ ಸಂಗಡ ಬರುವುದಿಲ್ಲ. ಎಲ್ಲರಿಗೂ ಎಲ್ಲರ ಅಜ್ಜನ ಹೆಸರು ಗೊತ್ತಿರುವ ಹಳ್ಳಿಯಲ್ಲಿ ಗುರುತು ಬದಲಿಸುವುದೆಂದರೇನು? ಪೊಲೀಸರ ಬೆಂಗಾವಲು ನ್ಯಾಯಾಲಯದ ಬಾಗಿಲವರೆಗೆ ಬರಬಹುದು. ಓಣಿಯ ಬಾವಿಕಟ್ಟೆಯವರೆಗೆ ಬಾರದು. ಅಲ್ಲಿ ರಕ್ಷಣೆ ಕೊಡಬೇಕಾದವರು ನೆರೆಹೊರೆಯವರೇ.

ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಸಾಕ್ಷಿಗಳು ಸಿಗುವುದಿಲ್ಲವೆಂಬ ಕಾರಣದಿಂದ ಅಡ್ಡದಾರಿ ಹಿಡಿಯುವ ಆಸೆ ತನಿಖೆಯವರಿಗೆ ಹುಟ್ಟುತ್ತದೆ. ಕಂಡವನು ಬಾರದಿದ್ದರೆ ಕಾಣದವನನ್ನು ತಂದು ನಿಲ್ಲಿಸುವುದು, ಠಾಣೆಗೆ ಸದಾ ದೊರೆಯುವ ಪಂಚರನ್ನೇ ಎಲ್ಲ ಪಂಚನಾಮೆಗಳಿಗೂ ಕರೆಯುವುದು ನಾವು ಕೇಳದ ಸಂಗತಿಗಳಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯ ಕಾನೂನು ಒಪ್ಪುವುದಿಲ್ಲ. ಮೋಕಾ ಕಾನೂನು ಮೇಲ್ದರ್ಜೆಯ ಅಧಿಕಾರಿಯ ಮುಂದೆ ಮಾಡಿದ್ದಾದರೆ ಒಪ್ಪುತ್ತದೆ. ಆರೋಪಿಗೂ ತನ್ನ ವಿರುದ್ಧ ನುಡಿಯುವವರು ಯಾರೆಂದು ತಿಳಿದು ಪ್ರಶ್ನಿಸುವ ಹಕ್ಕಿದೆ, ಏಕೆಂದರೆ ಹಿಡಿದು ತಂದವರೆಲ್ಲರೂ ಅಪರಾಧಿಗಳಲ್ಲ. ಹೀಗೆ ನಿಜವಾದ ಸಾಕ್ಷಿಗಳ ಮೌನವು ಅಪರಾಧಿಗಳನ್ನು ಬಿಡಿಸುವುದಲ್ಲದೆ ನಿರಪರಾಧಿಗಳನ್ನೂ ಅಪಾಯಕ್ಕೆ ಒಡ್ಡುತ್ತದೆ. ಕಂಡವನು ಬಿಟ್ಟುಹೋದ ಜಾಗ ಖಾಲಿ ಉಳಿಯುವುದಿಲ್ಲ; ಅಲ್ಲಿ ಕೂಟಸಾಕ್ಷಿ ಬಂದು ಕೂರುತ್ತಾನೆ.

ದೊಡ್ಡಿ ಎಚ್ಚೆತ್ತರೆ ಏನಾಗಬಹುದೆಂಬುದಕ್ಕೆ ದೂರದ ದೇಶದ ಒಂದು ನಿದರ್ಶನವಿದೆ. ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಮಾಫಿಯಾ ಎಂಬ ಟೋಳಿಗಳು ಅಂಗಡಿಕಾರರಿಂದ 'ಪಿಟ್ಸೊ' ಎಂಬ ಹೆಸರಿನ ಹಫ್ತಾ ವಸೂಲು ಮಾಡುತ್ತಿದ್ದವು. ಅಲ್ಲಿ ಮೌನಕ್ಕೇ ಒಂದು ಹೆಸರಿದೆ, 'ಓಮೆರ್ತಾ' ಎಂದು. ಪೊಲೀಸರಿಗೆ ಬಾಯಿ ಬಿಡದಿರುವುದನ್ನು ಗಂಡಸುತನದ ನಿಯಮವೆಂಬಂತೆ ಬೆಳೆಸಲಾಗಿತ್ತು. ಲಿಬೆರೊ ಗ್ರಾಸ್ಸಿ ಎಂಬ ಬಟ್ಟೆ ಕಾರ್ಖಾನೆಯ ಮಾಲೀಕರು 1991ರ ಜನವರಿಯಲ್ಲಿ, ತಾನು ಹಫ್ತಾ ಕೊಡುವುದಿಲ್ಲವೆಂದು ಪತ್ರಿಕೆಯಲ್ಲಿ ಬಹಿರಂಗ ಪತ್ರ ಪ್ರಕಟಿಸಿದರು. ಜೊತೆಯ ಉದ್ಯಮಿಗಳು ಅವರ ಬೆನ್ನಿಗೆ ನಿಲ್ಲಲಿಲ್ಲ. ಅದೇ ವರ್ಷದ ಆಗಸ್ಟ್ 29ರಂದು ಮನೆಯ ಹತ್ತಿರವೇ ಅವರನ್ನು ಗುಂಡಿಟ್ಟು ಕೊಂದರು. ಮರುವರ್ಷ, ನೂರಾರು ಮಾಫಿಯಾ ಆರೋಪಿಗಳ ಮಹಾ ಮೊಕದ್ದಮೆಯನ್ನು ಕಟ್ಟಿ ನಿಲ್ಲಿಸಿದ್ದ ನ್ಯಾಯಾಧೀಶ ಜೊವಾನ್ನಿ ಫಾಲ್ಕೊನೆಯನ್ನೂ, ಎರಡು ತಿಂಗಳಲ್ಲಿ ಅವರ ಜೊತೆಗಾರ ಪಾವ್ಲೊ ಬೊರ್ಸೆಲ್ಲಿನೊ ಅವರನ್ನೂ ಬಾಂಬಿಟ್ಟು ಕೊಂದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2004ರಲ್ಲಿ ಅದೇ ನಗರದ ಕೆಲವು ತರುಣರು ಒಂದು ರಾತ್ರಿ ಹಫ್ತಾ ಕೊಡುವುದರ ವಿರುದ್ಧ ಚೀಟಿಗಳನ್ನು ಬೀದಿಗಳಲ್ಲೆಲ್ಲ ಅಂಟಿಸಿದರು. ಅದರಿಂದ 'ಆದ್ದಿಯೊಪಿಟ್ಸೊ' ಎಂಬ ಸಂಘ ಬೆಳೆಯಿತು. ಹಫ್ತಾ ಕೊಡದ ಅಂಗಡಿಗಳ ಪಟ್ಟಿ ಮಾಡಿ, ನಾವು ಕೊಳ್ಳುವುದು ಇವರಲ್ಲಿಯೇ ಎಂದು ಸಾವಿರಾರು ಗ್ರಾಹಕರು ಮಾತು ಕೊಟ್ಟರು. ದೂರು ಕೊಟ್ಟ ಅಂಗಡಿಕಾರನ ಸಂಗಡ ನ್ಯಾಯಾಲಯಕ್ಕೆ ಸಂಘದವರೂ ಹೋಗಿ ಕುಳಿತರು. ಗ್ರಾಸ್ಸಿ ಒಬ್ಬರೇ ಆಡಿದ ಮಾತನ್ನು ನೂರಾರು ಅಂಗಡಿಗಳು ಒಟ್ಟಾಗಿ ಆಡಿದವು. ಟೋಳಿಗೆ ಒಬ್ಬನನ್ನು ಗುರಿಯಿಡುವುದು ಸುಲಭ. ಒಂದು ಬೀದಿಗೆ ಬೀದಿಯನ್ನೇ ಗುರಿಯಿಡುವುದು ಸುಲಭವಲ್ಲ.

ನಮ್ಮ ಸಂಘಗಳು ಇದರಿಂದ ಕಲಿಯಬಹುದಾದುದು ಏನು? ನಾನು ದೊಡ್ಡ ಯೋಜನೆಗಳನ್ನು ಹೇಳಲಾರೆ. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದಾಗ ಒಬ್ಬೊಬ್ಬರು ಹೊತ್ತದ್ದು ಒಂದೊಂದು ಬುಟ್ಟಿ ಮಣ್ಣನ್ನೇ. ನಾನು ಹೇಳುವುದೂ ಬುಟ್ಟಿಯಷ್ಟು ಸಣ್ಣ ಕೆಲಸಗಳೇ. ಊರಿನಲ್ಲಿ ಒಬ್ಬನಿಗೆ ಸಾಕ್ಷಿಯ ಸಮನ್ಸು ಬಂದರೆ ಅವನನ್ನು ಒಬ್ಬನೇ ಕಳುಹಿಸಬೇಡಿ. ನಾಲ್ವರು ಹಿರಿಯರು ಅದೇ ಬಸ್ಸಿನಲ್ಲಿ ಹೋಗಿ, ಅದೇ ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಮರಾಠಿ ಬಾರದವರಿಗೆ ಹೇಳಿಕೆಯನ್ನು ಓದಿ ತಿಳಿಸಲು ಎರಡೂ ಭಾಷೆ ಬಲ್ಲ ನಿವೃತ್ತ ಶಿಕ್ಷಕರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ನಮ್ಮ ಬಿಡುವಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಒಂದು ಕೃತ್ಯವನ್ನು ಹತ್ತು ಮಂದಿ ಕಂಡಿದ್ದರೆ ಹತ್ತು ಮಂದಿಯೂ ಹೇಳಲಿ. ಭಯವನ್ನು ಹಂಚಿಕೊಂಡರೆ ಅದು ಸಣ್ಣದಾಗುತ್ತದೆ. ಕೊನೆಯದಾಗಿ, ಯಾರಾದರೂ ನ್ಯಾಯಾಲಯದಲ್ಲಿ ಮಾತು ತಿರುಗಿಸಿದರೆ ಅವನು ದುಡ್ಡು ತಿಂದನೆಂದು ಹೇಳುವ ಮುಂಚೆ, ಅವನು ಆಸರೆ ಕೇಳಿಕೊಂಡು ಯಾರ ಬಾಗಿಲಿಗೆ ಹೋಗಿದ್ದನೆಂದು ವಿಚಾರಿಸಿ.

ಸೈಕಲ್ ಅಂಗಡಿಯ ಆ ಹುಡುಗನಿಗೆ ಈಗ ಅರವತ್ತರ ಹತ್ತಿರ ವಯಸ್ಸಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ನಮ್ಮ ಸಂಘದ ಸ್ಮರಣ ಸಂಚಿಕೆಗಳು ಮುಂಬಯಿ, ಪುಣೆಗಳ ಕಡೆಯ ನಮ್ಮವರ ಮನೆಗಳಿಗೂ ಹೋಗುತ್ತವೆ. ಒಂದು ಪ್ರತಿ ಅವನ ಕೈಗೂ ಬರಬಹುದು. ಬಂದರೆ ಅವನು ಓದಬಲ್ಲ. ಅವನಿಗೆ ಕನ್ನಡ ಅಕ್ಷರ ತಿದ್ದಿಸಿದವನು ನಾನೇ.

ಪ್ರಾಯಶ್ಚಿತ್ತದ ಮಾತಿಗೆ ಮತ್ತೆ ಬರುತ್ತೇನೆಂದಿದ್ದೆ. ಪೇಟೆ ಆಡಿಕೊಂಡಂತೆ ಆ ಹುಡುಗ ದುಡ್ಡು ತಿಂದವನಲ್ಲ. ಒಂಟಿಯಾಗಿ ನಿಲ್ಲಲಾರದೆ ಹಿಂದೆ ಸರಿದವನು. ಅವನನ್ನು ಒಂಟಿ ಮಾಡಿದವರಲ್ಲಿ ನಾನು ಮೊದಲಿಗ. ಗದ್ದಲ ಕೇಳಿ ತಿರುಗಿ ನೋಡುವಷ್ಟರಲ್ಲಿ ಅವರು ಹೋಗಿದ್ದರೆಂದು ಅಂದು ನಾನು ಹೇಳಿದ್ದು ಸುಳ್ಳು. ಮೊದಲಿನಿಂದ ಕೊನೆಯವರೆಗೆ ನಾನು ನೋಡಿದ್ದೆ.